ಒಂದು ಹಲ್ಲು ಮೇಲೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಹದಿನೆಂಟು ವರ್ಷ ಕಂಪ್ಯೂಟರುಗಳ ಜೊತೆ ಹೆಣಗಿದವಳಿಗೆ ಕೋಪ ಬರದೆ ಇನ್ನೇನು ಬರಬೇಕು? ಆದರೆ ಆ ದಿನದ ಕೋಪಕ್ಕೆ ಮಾತ್ರ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ. ಅಣೆಕಟ್ಟಿನ ಕೆಳಗೆ ನನ್ನ ಒಡಹುಟ್ಟಿದ ತಮ್ಮ ಕೆಲಸ ಮಾಡುತ್ತಿದ್ದ. ಮೇಲೆ, ಗಾಜಿನ ಕೋಣೆಯಲ್ಲಿ, ಗೇಟು ಎತ್ತುವ ಕಂಪ್ಯೂಟರಿಗೆ ನಾನು ಕನೆಕ್ಟರ್ ಕೂರಿಸುತ್ತಿದ್ದೆ.

ನಮ್ಮದು ಭಾರಿ ಅಣೆಕಟ್ಟೇನಲ್ಲ. ಊರಿಗೆ ಕುಡಿಯುವ ನೀರು ಕೊಡುವ ಒಂದೇ ಗೇಟಿನ ಕಟ್ಟೆ. ಗೇಟಿನ ಕೆಳಗೆ ಉದ್ದನೆಯ ಕಾಂಕ್ರೀಟ್ ಕಾಲುವೆ, ಅದನ್ನು ಎರಡು ಭಾಗ ಮಾಡುವ ಎದೆಮಟ್ಟದ ನಡುಗೋಡೆ. ನೀರು ಹರಿಯುವುದು ಎಡಭಾಗದಲ್ಲಿ. ಬಲಭಾಗದ ಬಾಯಿ ಮುಚ್ಚಿ, ಒಣಗಿಸಿ, ಅಲ್ಲಿ ಬಿರುಕುಬಿಟ್ಟ ಗೋಡೆಯನ್ನು ಮೂರು ಜನ ರಿಪೇರಿ ಮಾಡುತ್ತಿದ್ದರು: ವಯಸ್ಸಾದ ಮೇಸ್ತ್ರಿ, ಮೇಸ್ತ್ರಿಯ ಅಳಿಯ, ಮತ್ತೆ ಕಬ್ಬಿಣದ ಸರಳುಗಳಿಗೆ ವೆಲ್ಡಿಂಗ್ ಮಾಡುವ ನನ್ನ ತಮ್ಮ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಗೇಟನ್ನು ಒಂದು ಹಲ್ಲು ಎತ್ತಿ ಅರ್ಧ ಗಂಟೆ ನೀರು ಬಿಡಬೇಕು, ಇಲ್ಲದಿದ್ದರೆ ಊರಿನ ಪಂಪ್‌ಮನೆ ಒಣಗುತ್ತದೆ. ಹಲ್ಲು ಅಂದರೆ ಗೇಟು ಎತ್ತುವ ದೊಡ್ಡ ಗಿಯರಿನ ಹಲ್ಲು. ಒಂದು ಹಲ್ಲಿಗೆ ಎಡಗಡೆ ಮೊಣಕಾಲುದ್ದ ನೀರು. ಎರಡಕ್ಕೆ ನಡುಗೋಡೆಯ ಅಂಚಿನವರೆಗೆ. ಮೂರಾದರೆ ಗೋಡೆ ದಾಟಿ ಬಲಗಡೆಗೆ. ನಾಲ್ಕರ ಮಾತನ್ನು ಯಾರೂ ಆಡುತ್ತಿರಲಿಲ್ಲ. ಒಂದೇ ಹಲ್ಲಿನ ನಂಬಿಕೆಯ ಮೇಲೆ ಆ ಮೂವರು ನೀರು ಬಿಡುವ ಹೊತ್ತಿನಲ್ಲೂ ಕೆಳಗೇ ಕೂತು ಊಟ ಮಾಡುತ್ತಿದ್ದರು. ಮೇಲೆ ಬರಬೇಕೆಂದರೆ ಗೋಡೆಗೆ ಬಡಿದ ಅರವತ್ತು ಮೆಟ್ಟಿಲಿನ ಕಬ್ಬಿಣದ ಏಣಿ, ಮೇಸ್ತ್ರಿಯ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ.

ಗೇಟು ಎತ್ತುವ ಕೆಲಸ ಒಬ್ಬ ಅಜ್ಜನದು. ಎಲ್ಲರೂ ಅವರನ್ನು ಹಲ್ಲಜ್ಜ ಎನ್ನುತ್ತಿದ್ದರು. ಬಾಯಲ್ಲಿ ಉಳಿದದ್ದು ನಾಲ್ಕೇ ಹಲ್ಲು, ಗೇಟಿನ ಹಲ್ಲು ಎಣಿಸುವುದರಲ್ಲಿ ಮಾತ್ರ ಒಂದು ದಿನವೂ ತಪ್ಪಿದವರಲ್ಲ. ಮೋಟಾರು ಚಾಲೂ ಆದ ಕೂಡಲೇ ಗಿಯರಿನ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಹಲ್ಲೊಂದು ದಾಟಿದರೆ ಒಳಗಿನ ಹೊಡೆತ ಕೈಗೆ ತಿಳಿಯುತ್ತದಂತೆ. ತಿಳಿದ ತಕ್ಷಣ ಸ್ವಿಚ್ಚು ಆರಿಸುವುದು. ಗೇಟು ಎತ್ತಲು ಕಂಪ್ಯೂಟರಿನ ಪ್ರೋಗ್ರಾಮು ಬಂದ ಮೇಲೂ ಅವರು ಈ ಅಭ್ಯಾಸ ಬಿಟ್ಟಿರಲಿಲ್ಲ. ಆ ಪ್ರೋಗ್ರಾಮಿನ ಆಜ್ಞೆ ಕೂಡ ಅವರ ಬಾಯಿಂದಲೇ ಬಂದದ್ದು: ಒಂದು ಹಲ್ಲು ಮೇಲೆ. ಇಷ್ಟನೇ ಹಲ್ಲಿಗೆ ಹೋಗಿ ನಿಲ್ಲು ಎಂದಲ್ಲ, ಈಗ ಎಲ್ಲಿದ್ದೀಯೋ ಅಲ್ಲಿಂದ ಒಂದು ಮೇಲೆ. ಹಿಂದೆ ಯಾರೋ ಅದನ್ನು ಹಾಗೆಯೇ ಬರೆದಿಟ್ಟಿದ್ದರು. ನಾನು ಅದರ ತಂಟೆಗೆ ಹೋಗಲಿಲ್ಲ.

ನನ್ನ ಕೆಲಸ ಬೇರೆ. ನಮ್ಮ ಸಾಹೇಬರಿಗೆ ಊರಿನ ಕಚೇರಿಯಲ್ಲಿ ಕೂತು, ತಮ್ಮ ಮೇಜಿನಿಂದಲೇ ಗೇಟು ಎತ್ತಬೇಕಾಗಿತ್ತು. ಅದಕ್ಕೊಂದು ಹೊಸ ವೆಬ್ ಸರ್ವರ್ ಬಂದಿತ್ತು. ಅದು ಬಾಗಿಲಲ್ಲಿ ಕೂತು ಅರ್ಜಿ ತೆಗೆದುಕೊಳ್ಳುವ ಗುಮಾಸ್ತನಿದ್ದ ಹಾಗೆ, ಗುಂಡಿ ಒತ್ತಿದ್ದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ. ನಿಜವಾಗಿ ಮೋಟಾರಿಗೆ ಆಜ್ಞೆ ಕೊಡುವುದು ಒಳಗಿರುವ ಅಪ್ಲಿಕೇಶನ್ ಸರ್ವರ್. ನಮ್ಮಲ್ಲಿ ಅವು ಎರಡಿದ್ದವು, ಒಂದು ಕೈಕೊಟ್ಟರೆ ಇನ್ನೊಂದು. ನಾನು ಅವುಗಳನ್ನು ದೊಡ್ಡವನು, ಚಿಕ್ಕವನು ಎನ್ನುತ್ತಿದ್ದೆ. ಹೊರಗಿನ ಗುಮಾಸ್ತನಿಗೂ ಒಳಗಿನ ಇವರಿಬ್ಬರಿಗೂ ನಡುವೆ ಚೀಟಿ ಹಿಡಿದು ಓಡಾಡುವ ಜವಾನನೇ ಕನೆಕ್ಟರ್. ಅವನಿಗೆ ನಾಲ್ಕು ವಿಷಯ ಬರೆದುಕೊಟ್ಟರೆ ಸಾಕು. ಯಾವ ಕೋಣೆಗೆ ಹೋಗಬೇಕು, ಬಾಗಿಲಲ್ಲಿ ಯಾವ ಗುಟ್ಟಿನ ಪದ ಹೇಳಬೇಕು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಉತ್ತರ ಬರದಿದ್ದರೆ ಚೀಟಿಯನ್ನು ಯಾರ ಹತ್ತಿರ ಒಯ್ಯಬೇಕು.

ನಾಲ್ಕೇ ವಿಷಯ. ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ ಅವು ನನ್ನ ಜೀವ ಹಿಂಡಿದವು. ಗುಟ್ಟಿನ ಪದ ಎರಡು ಕಡೆಯೂ ಒಂದೇ ಇತ್ತು, ಆದರೂ ಒಳಗಿನವರು ಬಾಗಿಲು ತೆಗೆಯಲೊಲ್ಲರು. ಕೊನೆಗೆ ನೋಡಿದರೆ ಒಂದು ಕಡೆ ಪದದ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಂಟಿಕೊಂಡಿತ್ತು. ಅದನ್ನು ಹುಡುಕುವಷ್ಟರಲ್ಲಿ ಸಾಹೇಬರ ಫೋನು ಆರು ಸಲ ಬಂದಿತ್ತು. ಮೇಲಧಿಕಾರಿಗಳು ಹನ್ನೆರಡಕ್ಕೆ ಕಚೇರಿಗೆ ಬರುತ್ತಾರೆ, ಅವರ ಎದುರಿಗೇ ಗುಂಡಿ ಒತ್ತಬೇಕು, ಗುಂಡಿ ಒತ್ತಿದ ಮೇಲೆ ಪರದೆ ಸುತ್ತುತ್ತಾ ಕೂತರೆ ಮರ್ಯಾದೆ ಹೋಗುತ್ತದೆ ಎಂದು ಒಂದೇ ರಾಗ. ಹಳೆಯ ಫೈಲಿನಲ್ಲಿ ಕಾಯುವ ಸಮಯ ಅರವತ್ತು ಸೆಕೆಂಡು ಎಂದಿತ್ತು. ನಾನು ರೇಗಿಕೊಂಡೇ ಅದನ್ನು ಅಳಿಸಿ ಐದು ಎಂದು ಹಾಕಿದೆ. ಐದರಲ್ಲಿ ದೊಡ್ಡವನು ಉತ್ತರ ಕೊಡದಿದ್ದರೆ ಚೀಟಿ ಚಿಕ್ಕವನಿಗೆ. ತಗೊಳ್ಳಿ, ನಿಮಗೆ ಬೇಕಾದ ಚುರುಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆಮೇಲೆ ಪರೀಕ್ಷೆ. ಕೆಳಗೆ ಜನ ಇದ್ದುದರಿಂದ ಮೋಟಾರಿನ ತಂತಿ ಬಿಡಿಸಿಟ್ಟು ಪರೀಕ್ಷೆ ಮಾಡಿದೆ, ಅಷ್ಟು ಬುದ್ಧಿ ನನಗಿತ್ತು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಹತ್ತು ಸಲ ಒತ್ತಿದೆ, ಹತ್ತು ಸಲವೂ ಹಸಿರು. ಆದರೆ ಪ್ರತಿ ಹಲ್ಲಿಗೂ ಮೊದಲು ಕಾಲುವೆಯ ಮೇಲಿನ ಸೈರನ್ ಒಮ್ಮೆ ಕೂಗುವ ಏರ್ಪಾಡಿತ್ತು. ಅದರ ತಂತಿ ಬಿಡಿಸಬೇಕೆಂದರೆ ಕಂಬ ಹತ್ತಬೇಕು. ಯಾರು ಹತ್ತುತ್ತಾರೆ ಎಂದು ಬಿಟ್ಟೆ. ಹತ್ತು ಸಲವೂ ಸೈರನ್ ಕೂಗಿತು.

ತಮ್ಮನ ಫೋನು ಬಂತು. ಇದೇನಕ್ಕ, ಬೆಳಿಗ್ಗೆಯಿಂದ ಹೊಡ್ಕೊಳ್ತಾನೇ ಇದೆ, ಮೇಸ್ತ್ರಿ ಪ್ರತಿ ಸಲವೂ ಎದ್ದು ಏಣಿ ಹಿಡಿತಾರೆ, ಅವರ ಮಂಡಿ ಮುರಿದುಹೋಗುತ್ತೆ ಎಂದು ನಗುತ್ತಾ ಕೇಳಿದ. ಅವನು ಚಿಕ್ಕಂದಿನಿಂದಲೂ ಹಾಗೆಯೇ, ನಾನು ಉರಿಯುತ್ತಿರುವಾಗಲೇ ಅವನಿಗೆ ತಮಾಷೆ. ನಾನು ಸಿಡುಕಿದೆ.

"ಅದು ಟೆಸ್ಟಿಂಗ್ ಕಣೋ. ಸೈರನ್ ಕಡೆ ಗಮನ ಕೊಡ್ಬೇಡಿ. ಮೇಲೆ ನಾನಿದ್ದೀನಲ್ಲ, ನೀನು ನಿನ್ನ ಕೆಲಸ ನೋಡು."

"ಸರಿ ಬಿಡು, ನೀನಿದ್ದೀಯಲ್ಲ," ಎಂದ. ಫೋನು ಇಟ್ಟುಬಿಟ್ಟೆ. ಹನ್ನೆರಡರ ಸೈರನ್ ನಿಜದ್ದು ಎಂದು ಹೇಳಬೇಕಿತ್ತು. ಅದು ದಿನಾ ಆಗುವುದಲ್ಲವೇ, ಗೊತ್ತೇ ಇರುತ್ತದೆ ಎಂದುಕೊಂಡೆ.

ಹನ್ನೊಂದೂ ಮುಕ್ಕಾಲಿಗೆ ಹೋಗಿ ಮೋಟಾರಿನ ತಂತಿ ಮತ್ತೆ ಜೋಡಿಸಿದೆ. ಹಲ್ಲಜ್ಜ ಆಗಲೇ ಗಿಯರಿನ ಪಕ್ಕ ಬಂದು, ತೋಳು ಮಡಚಿಕೊಂಡು, ಕೈ ಇಡಲು ತಯಾರಾಗಿ ನಿಂತಿದ್ದರು. ನನಗೆ ಅದೂ ಕಣ್ಣು ಚುಚ್ಚಿತು. ಇವರು ಅಭ್ಯಾಸಬಲದಿಂದ ನಡುವೆ ಸ್ವಿಚ್ಚು ಆರಿಸಿದರೆ ಪರದೆಯ ಮೇಲೆ ಕೆಂಪು ಬಂದು, ಮೇಲಿನವರ ಎದುರಿಗೆ ಸಾಹೇಬರ ಮುಖ ಕಪ್ಪಿಡುತ್ತದೆ, ಆಮೇಲೆ ಅವರು ನನ್ನ ತಲೆ ತಿನ್ನುತ್ತಾರೆ. ಇವತ್ತೊಂದು ದಿನ ಕೈ ಇಡಬೇಡಿ, ಒಳಗೆ ಬಂದು ಪರದೆ ನೋಡಿ, ಹಲ್ಲು ಎಷ್ಟಾಯಿತೆಂದು ಅದೇ ಎಣಿಸಿ ತೋರಿಸುತ್ತದೆ ಎಂದೆ. ಅವರು ಒಪ್ಪಲಿಲ್ಲ. ಕೈಗೆ ತಿಳಿಯೋದು ಕಣ್ಣಿಗೆ ತಿಳಿಯೊಲ್ಲಮ್ಮ ಎಂದರು. ನಾನು ದನಿ ಏರಿಸಿದೆ. ನಲವತ್ತು ವರ್ಷ ಸರ್ವೀಸಾದ ಮನುಷ್ಯನನ್ನು, ನಿಮ್ಮಂಥವರಿಂದಲೇ ಯಾವ ಕೆಲಸವೂ ಮುಂದೆ ಹೋಗೋದಿಲ್ಲ ಎಂದುಬಿಟ್ಟೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಟವೆಲಿನಿಂದ ಕೈ ಒರೆಸಿಕೊಂಡರು, ನನ್ನ ಹಿಂದೆ ಬಂದು ಗಾಜಿನ ಕೋಣೆಯ ಕುರ್ಚಿಯಲ್ಲಿ ಕೂತರು.

ಗಾಜಿನ ಕೋಣೆಯಿಂದ ಗಿಯರಿನ ಮನೆಗೆ ಕಟ್ಟೆಯ ಮೇಲೆ ಎಪ್ಪತ್ತು ಹೆಜ್ಜೆ. ಕೋಣೆಯಿಂದ ಕಾಲುವೆ ಕಾಣುವುದಿಲ್ಲ. ಏಸಿ ಗುಂಯ್‌ಗುಡುತ್ತಿತ್ತು.

ಹನ್ನೆರಡು ಗಂಟೆಗೆ ಸಾಹೇಬರು ಫೋನಿನಲ್ಲೇ ಇದ್ದರು. ಹಿಂದೆ ನಾಲ್ಕೈದು ಜನರ ಗುಸುಗುಸು ಕೇಳುತ್ತಿತ್ತು. ಒತ್ತುತ್ತಿದ್ದೇನೆ ಎಂದರು. ನಾನು ಪರದೆ ನೋಡಿದೆ. ಹಲ್ಲು: ಸೊನ್ನೆ. ದೂರದಲ್ಲಿ ಸೈರನ್ ಕೂಗಿದ್ದು ಗಾಜಿನ ಆಚೆಯಿಂದ ಸಣ್ಣಗೆ ಕೇಳಿಸಿತು. ಐದು ಸೆಕೆಂಡು, ಆರು, ಏಳು. ಪರದೆ ಸುತ್ತುತ್ತಲೇ ಇತ್ತು. ಮತ್ತೆ ಸೈರನ್ ಕೂಗಿತೇ ಎಂದು ಅನುಮಾನ ಬರುವಷ್ಟರಲ್ಲಿ ಉತ್ತರ ಬಂದಿಲ್ಲ ಎಂಬ ಬಿಳಿ ಹಾಳೆ ಎದುರಿಗೆ ಬಂತು. ಹಲ್ಲು: ಸೊನ್ನೆ.

ಹಲ್ಲಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಸೈರನ್ ಎರಡು ಸಲ ಆಯ್ತಲ್ಲಮ್ಮ ಎಂದರು. ನಾನು ಕೈಯಿಂದಲೇ ಸುಮ್ಮನಿರಿ ಎಂದೆ. ಫೋನಿನಲ್ಲಿ ಸಾಹೇಬರ ದನಿ ಗಡುಸಾಗಿತ್ತು. ಏನೂ ಆಗಲಿಲ್ಲ, ಎಲ್ಲರೂ ನೋಡ್ತಾ ಇದ್ದಾರೆ, ಇನ್ನೊಂದು ಸಲ ಒತ್ತಲಾ?

ಎದುರಿಗೆ ಸೊನ್ನೆ ಕಾಣುತ್ತಿತ್ತು. ನಾನು ಬರೆದ ಫೈಲು, ನಾನು ಮಾಡಿದ ಪರೀಕ್ಷೆ, ಹತ್ತಕ್ಕೆ ಹತ್ತು ಹಸಿರು. ಗೇಟು ಅಲುಗಾಡಿಯೇ ಇಲ್ಲ ಎಂದು ನನಗೆ ಖಾತ್ರಿಯಿತ್ತು.

"ಒತ್ತಿ ಸರ್," ಎಂದೆ.

ಅವರು ಒತ್ತಿದರು. ಆಗ ನಾನು ಕನೆಕ್ಟರಿನ ಲಾಗ್ ತೆರೆದೆ, ಅಂದರೆ ಆ ಜವಾನ ಎಲ್ಲೆಲ್ಲಿಗೆ ಹೋದ, ಏನಾಯಿತು ಎಂದು ಸಾಲು ಸಾಲಾಗಿ ಬರೆದಿಡುವ ದಿನಚರಿ. ಸಿಟ್ಟಿನಿಂದಲೇ ತೆರೆದೆ, ಮತ್ತೆ ಆ ಗುಟ್ಟಿನ ಪದವೇ ಕಾಟ ಕೊಟ್ಟಿದೆ ಎಂದುಕೊಂಡು. ಮೊದಲ ಸಾಲು ಓದಿದೆ. ಹನ್ನೆರಡು ಗಂಟೆ, ದೊಡ್ಡವನಿಗೆ ಚೀಟಿ ಕೊಟ್ಟೆ: ಒಂದು ಹಲ್ಲು ಮೇಲೆ. ದೊಡ್ಡವನು ತೆಗೆದುಕೊಂಡ. ಐದು ಸೆಕೆಂಡಾಯಿತು, ಉತ್ತರವಿಲ್ಲ. ಅದೇ ಚೀಟಿ ಚಿಕ್ಕವನಿಗೆ ಕೊಟ್ಟೆ: ಒಂದು ಹಲ್ಲು ಮೇಲೆ. ಚಿಕ್ಕವನು ತೆಗೆದುಕೊಂಡ. ಐದು ಸೆಕೆಂಡಾಯಿತು, ಉತ್ತರವಿಲ್ಲ.

ಚೀಟಿ ಎಲ್ಲೂ ಕಳೆದುಹೋಗಿರಲಿಲ್ಲ. ಒಳಗಿನವರಿಬ್ಬರೂ ಅದನ್ನು ತೆಗೆದುಕೊಂಡು ಮೋಟಾರಿಗೆ ದಾಟಿಸಿದ್ದರು. ತಂತಿ ಬಿಡಿಸಿಟ್ಟಾಗ ಕಾಯುವುದಕ್ಕೆ ಏನೂ ಇಲ್ಲದೆ ತಕ್ಷಣ ಉತ್ತರ ಬರುತ್ತಿತ್ತು. ಈಗ ಮೋಟಾರು ನಿಜವಾಗಿ ತಿರುಗುತ್ತಿದೆ. ಒಂದು ಹಲ್ಲು ಎತ್ತಲು ಅದಕ್ಕೆ ಒಂಬತ್ತು ಸೆಕೆಂಡು ಬೇಕು. ಎತ್ತಿ ಮುಗಿದ ಮೇಲೆಯೇ ಒಳಗಿನವರು ಆಯಿತು ಎನ್ನುತ್ತಾರೆ. ನನ್ನ ಜವಾನ ಐದಕ್ಕೇ ತಾಳ್ಮೆಗೆಟ್ಟು ಅದೇ ಕೆಲಸವನ್ನು ಇನ್ನೊಬ್ಬನಿಗೂ ಹೇಳಿಬಂದಿದ್ದಾನೆ. ಮೋಟಾರಿನ ಪೆಟ್ಟಿಗೆ ಬಂದ ಆಜ್ಞೆಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಒಂದಾದ ಮೇಲೊಂದು ಮಾಡುತ್ತದೆ. ಒಂದು ಒತ್ತಿಗೆ ಎರಡು ಹಲ್ಲು. ಎರಡು ಒತ್ತಿಗೆ ನಾಲ್ಕು. ಪರದೆ ಹಲ್ಲು ಎಣಿಸುವುದು ಒಳಗಿನವರ ಉತ್ತರ ನೋಡಿ, ಜವಾನ ಯಾರ ಉತ್ತರಕ್ಕೂ ಕಾಯದೇ ಇದ್ದುದರಿಂದ ಅಲ್ಲಿ ಸೊನ್ನೆಯೇ ಉಳಿದಿತ್ತು.

"ಮೂರನೇ ಸೈರನ್," ಎಂದರು ಹಲ್ಲಜ್ಜ. ಕೇಳಿಸಿಕೊಂಡು ನಾನು ತಿರುಗುವಷ್ಟರಲ್ಲಿ ಅವರು ಬಾಗಿಲಾಚೆ ಇದ್ದರು.

ಪರದೆಯಿಂದ ಇಳಿಸುವ ಆಜ್ಞೆ ಕೊಡಲು ಕೈ ಹೋಯಿತು. ಕೊಟ್ಟರೂ ಅದು ಉಳಿದ ಹಲ್ಲಿನ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ತಮ್ಮನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸಾಹೇಬರು ಇನ್ನೊಂದು ಫೋನಿನಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದರು. ಅದನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದೆ. ಎದುರಿಗೆ ಎಪ್ಪತ್ತು ದಾಟಿದ ಅಜ್ಜ ಪಂಚೆ ಎತ್ತಿ ಹಿಡಿದುಕೊಂಡು ಓಡುತ್ತಿದ್ದರು. ನಾಲ್ಕನೇ ಸೈರನ್ ಬಯಲಿನಲ್ಲಿ ಕಿವಿಗೆ ರಾಚಿತು.

ಕಟ್ಟೆಯ ಕಂಬಿ ಹಿಡಿದು ಬಗ್ಗಿ ನೋಡಿದೆ. ನಡುಗೋಡೆ ಕಾಣಿಸಲೇ ಇಲ್ಲ. ಕಾಲುವೆಯ ಈ ಬದಿಯಿಂದ ಆ ಬದಿಗೆ ಕಂದುಬಣ್ಣದ ನೀರು, ಅದರಲ್ಲಿ ಸಿಮೆಂಟಿನ ಚೀಲಗಳು, ಒಂದು ಹಲಗೆ, ಯಾರದ್ದೋ ಊಟದ ಡಬ್ಬಿ. ಏಣಿಯ ಮೇಲೆ ಎರಡು ಹಳದಿ ಹೆಲ್ಮೆಟ್. ಮೇಲೆ ಅಳಿಯ, ಒಂದು ಕೈಯನ್ನು ಮೇಸ್ತ್ರಿಯ ಕಂಕುಳಿಗೆ ಹಾಕಿ ಎಳೆಯುತ್ತಿದ್ದ. ಎರಡೇ. ಮತ್ತೆ ಎಣಿಸಿದೆ. ಎರಡೇ ಇದ್ದವು.

ತಮ್ಮನ ಹೆಸರು ಹಿಡಿದು ಕೂಗಿದೆ. ನೀರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಅಮ್ಮ ಸತ್ತಾಗ ಅವನಿಗೆ ಒಂಬತ್ತು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಈ ಕೆಲಸಕ್ಕೆ ಸೇರಿಸಿದವಳೂ ನಾನೇ, ಕಣ್ಣೆದುರಿಗೆ ಇರಲಿ ಎಂದು. ಈಗ ಒತ್ತಿ ಎಂದವಳೂ ನಾನೇ. ಏಣಿಯ ಕಡೆ ಓಡಿ, ಇಳಿಯಲು ಕಾಲು ಇಟ್ಟಾಗ ಅಳಿಯ ಕೆಳಗಿನಿಂದ ಬೇಡ ಬೇಡ ಎಂದು ತಲೆ ಆಡಿಸಿದ. ಏಣಿಯಲ್ಲಿ ಜಾಗವೇ ಇರಲಿಲ್ಲ.

ಹಿಂದೆ ಗಿಯರಿನ ಮನೆಯಲ್ಲಿ ದಡಾರೆಂದು ಸದ್ದಾಯಿತು. ಹಲ್ಲಜ್ಜ ಮೇನ್ ಸ್ವಿಚ್ಚು ಎಳೆದು ಬ್ರೇಕು ಬಿಟ್ಟಿದ್ದರು. ಬ್ರೇಕು ಬಿಟ್ಟರೆ ಗೇಟು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕಟ್ಟೆ ಕಾಲಡಿ ನಡುಗಿತು. ನೀರಿನ ಮೊರೆತ ಒಂದೊಂದೇ ಸ್ಥಾಯಿ ಇಳಿಯಿತು. ನಡುಗೋಡೆಯ ಅಂಚು ಕಂಡಿತು. ಮೇಸ್ತ್ರಿಯನ್ನು ಮೇಲೆ ಎಳೆದು ಹಾಕಿದೆವು, ಅವರ ಎಡಭುಜ ತನ್ನ ಜಾಗದಲ್ಲಿರಲಿಲ್ಲ, ನೋವಿಗೆ ಹಲ್ಲು ಕಚ್ಚಿಕೊಂಡಿದ್ದರು. ಅಳಿಯ ಏದುಸಿರಿನಲ್ಲೇ ಹೇಳಿದ. ವೆಲ್ಡಿಂಗ್ ಮಷಿನ್ನಿನ ಕರೆಂಟು ಹಾಗೇ ಇತ್ತು, ನೀರು ಮುಟ್ಟಿದರೆ ಮೂವರೂ ಅಲ್ಲೇ ಎಂದು ನಿಮ್ಮ ತಮ್ಮ ಪ್ಲಗ್ ಕೀಳಲು ವಾಪಸ್ ಹೋದ. ಕಿತ್ತಿದ್ದನ್ನು ನೋಡಿದೆ. ಆಮೇಲೆ ನೀರು ಅವನನ್ನು ಎತ್ತಿಕೊಂಡು ಹೋಯಿತು ಎಂದ.

ನಾನು ಏಣಿ ಇಳಿದೆ. ಅರವತ್ತು ಮೆಟ್ಟಿಲಲ್ಲಿ ಒಂದೂ ನೆನಪಿಲ್ಲ. ಸೊಂಟಮಟ್ಟದ ನೀರಿನಲ್ಲಿ, ಆಮೇಲೆ ಮೊಣಕಾಲುದ್ದ ನೀರಿನಲ್ಲಿ, ಗೋಡೆ ಹಿಡಿದುಕೊಂಡು ಕಾಲುವೆಯ ತುದಿಗೆ ಹೋದೆ. ಅಲ್ಲಿ ಅವನೇ ವಾರದಿಂದ ಬೆಸೆದು ನಿಲ್ಲಿಸಿದ್ದ ಸರಳುಗಳ ಜಾಲರಿ ಇತ್ತು. ಅದಕ್ಕೆ ಎರಡು ತೋಳನ್ನೂ ಸಿಕ್ಕಿಸಿಕೊಂಡು, ತಲೆ ಬಗ್ಗಿಸಿ ನೇತಾಡುತ್ತಿದ್ದ. ಹೆಲ್ಮೆಟ್ ಇರಲಿಲ್ಲ. ಹಣೆಯಿಂದ ರಕ್ತ ಕೆನ್ನೆಗೆ ಇಳಿದಿತ್ತು. ಗಲ್ಲ ಹಿಡಿದು ಎತ್ತಿದೆ. ಕೆಮ್ಮಿದ. ಒಂದು ಬಾಯಿ ನೀರು ನನ್ನ ಸೆರಗಿಗೇ ಉಗುಳಿದ. ನನಗೆ ಅಳು ಉಕ್ಕಿ ಬಂತು, ಅವನ ಬೆನ್ನಿಗೆ ಗುದ್ದುತ್ತಾ ಜೋರಾಗಿ ಅತ್ತುಬಿಟ್ಟೆ.

ಅವನನ್ನು ಎಳೆದು ಗೋಡೆಗೆ ಒರಗಿಸಿ ಕೂರಿಸಿದೆ. ನನ್ನ ಕೈ ಬಿಡದೆ ಹಿಡಿದುಕೊಂಡಿದ್ದ, ಬೆರಳುಗಳು ಬಿಳಿಚಿಕೊಂಡಿದ್ದವು. ಮೇಸ್ತ್ರಿ ಹೇಗಿದ್ದಾರೆ ಎಂದು ಮೊದಲು ಕೇಳಿದ. ಭುಜ ಕಳಚಿದೆ, ಜೀವಕ್ಕೆ ಏನಿಲ್ಲ ಎಂದೆ. ಅವನು ಕಣ್ಣು ಮುಚ್ಚಿಕೊಂಡ.

"ಎರಡನೇ ಸೈರನ್‌ಗೇ ಮೇಸ್ತ್ರಿ ಎದ್ದಿದ್ರು ಅಕ್ಕ. ಇದು ಸರಿ ಇಲ್ಲ, ಹತ್ತೋಣ ಅಂದ್ರು. ನಾನೇ ಕೈ ಹಿಡಿದು ಕೂರಿಸ್ದೆ. ಮೇಲೆ ನಮ್ಮಕ್ಕ ಇದ್ದಾಳೆ, ಟೆಸ್ಟಿಂಗ್ ಇರುತ್ತೆ, ಊಟ ಮಾಡಿ ಅಂದೆ. ಮೂರನೇದಕ್ಕೂ ಅದೇ ಅಂದೆ."

ನೀರು ನಮ್ಮ ಪಾದದ ಸುತ್ತ ಸಣ್ಣಗೆ ಹರಿಯುತ್ತಿತ್ತು. ಮೇಲಿನಿಂದ ಹಲ್ಲಜ್ಜ ಹಗ್ಗ ಇಳಿಬಿಡುತ್ತಾ ಏನೋ ಕೂಗಿ ಕೇಳುತ್ತಿದ್ದರು. ನನ್ನ ಬಾಯಿಗೆ ಸುಳ್ಳು ಬಂತು, ಮೋಟಾರು ಕೆಟ್ಟಿತ್ತು ಎನ್ನಬಹುದಿತ್ತು, ಅವನು ನಂಬುತ್ತಿದ್ದ. ನಾನು ಹೇಳಿದ್ದನ್ನೆಲ್ಲ ನಂಬುತ್ತಾನೆ, ಅದೇ ತಾನೇ ಇವತ್ತು ಆದದ್ದು.

"ಯಾವುದೂ ಟೆಸ್ಟಿಂಗ್ ಅಲ್ಲ ಕಣೋ," ಎಂದೆ. "ನಾಲ್ಕೂ ನಿಜದ್ದೇ. ನಾನು ಕಾಯೋ ಹೊತ್ತು ಕಮ್ಮಿ ಇಟ್ಟೆ, ಅದಕ್ಕೆ ಗೇಟು ಒಂದರ ಬದಲು ಎರಡೆರಡು ಹಲ್ಲು ಎದ್ದಿತು. ಅಜ್ಜನ್ನ ಗಿಯರ್ ಹತ್ರ ನಿಲ್ಲೋಕೆ ಬಿಡ್ಲಿಲ್ಲ. ಇನ್ನೊಂದು ಸಲ ಒತ್ತಿ ಅಂತ ಸಾಹೇಬ್ರಿಗೆ ಹೇಳಿದ್ದೂ ನಾನೇ."

ಅವನು ಕಣ್ಣು ತೆರೆದು ನನ್ನನ್ನು ನೋಡಿದ. ತಮಾಷೆ ಮಾಡುವ ಮುಖ ಅದಾಗಿರಲಿಲ್ಲ. ಹಿಡಿದಿದ್ದ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡು, ಅದರಿಂದ ಹಣೆಯ ರಕ್ತ ಒರೆಸಿಕೊಂಡ. ಹಗ್ಗದ ತುದಿ ಬಂದು ನೀರಿಗೆ ತಾಗಿತು.

"ಇನ್ನು ಮೇಲೆ ನೀನಿದ್ದೀಯ ಅಂತ ಕೂತ್ಕೊಳ್ಳಲ್ಲ ಅಕ್ಕ," ಎಂದ. "ಸೈರನ್ ಆದ್ರೆ ಹತ್ತಿಬಿಡ್ತೀನಿ. ನೀನು ಏನೇ ಹೇಳಿದ್ರೂ ಸರಿ."

"ಹತ್ತಿಬಿಡು," ಎಂದೆ. ಹಗ್ಗವನ್ನು ಅವನ ಸೊಂಟಕ್ಕೆ ಕಟ್ಟಿದೆ. ಕಟ್ಟಿ ಮುಗಿದ ಮೇಲೆ ಅವನು ಗಂಟನ್ನು ಬಿಚ್ಚಿ, ತಾನೇ ಮತ್ತೊಮ್ಮೆ ಕಟ್ಟಿಕೊಂಡ.